ಸೋರುವ ಟಿ-ಟಾಪ್: 1972ರ ಒಂದು ಕಾರ್ವೆಟ್‌ನ ಬಾಡಿ ಮತ್ತು ರೂಫ್ ಪ್ಯಾನೆಲ್ ಕೆಲಸ

ಕಾರು 1972ರ ಶೆವ್ರೊಲೆ ಕಾರ್ವೆಟ್ ಸ್ಟಿಂಗ್‌ರೇ ಕೂಪೆ. ಬಣ್ಣ ಎಲ್ಕಾರ್ಟ್ ಗ್ರೀನ್. ಮಾಲೀಕರ ದೂರು ಒಂದೇ ಸಾಲಿನದು: ಮಳೆ ಬಂದರೆ ಡ್ರೈವರ್ ಕಡೆಯ ಮುಂದಿನ ಮೂಲೆಯಿಂದ ನೀರು ತೊಟ್ಟಿಕ್ಕಿ ಮೊಣಕಾಲಿನ ಮೇಲೆ ಬೀಳುತ್ತದೆ. ಛಾವಣಿಯ ರಬ್ಬರ್ ಬೀಡಿಂಗ್ ಆಗಲೇ ಎರಡು ಸಲ ಬದಲಾಗಿತ್ತು. ಎರಡೂ ಸಲ ಕೆಲವು ವಾರ ಸುಮ್ಮನಿದ್ದು ಮತ್ತೆ ಸೋರಿತ್ತು. ಈ ಸಲ ಬಾಡಿಗೆ ಪೂರ್ತಿ ಪೇಂಟ್ ಮಾಡಿಸಬೇಕು, ಜೊತೆಗೆ ಮೂರನೇ ಸಲ ಬೀಡಿಂಗ್ ಹಾಕಿಸಬೇಕು ಅನ್ನೋದು ಅವರ ಯೋಚನೆ.

ಬೀಡಿಂಗ್ ಪೊಟ್ಟಣ ಬಿಚ್ಚಬೇಡಿ, ಮೊದಲು ಬಾಡಿ ನೋಡೋಣ ಎಂದೆ. ಬಿಚ್ಚಿ ತೆಗೆಯುವ ಛಾವಣಿ ಇರುವ ಕಾರಿನಲ್ಲಿ ಸೋರಿಕೆ ಕಾಣುವುದು ಮೇಲೆ. ಅದರ ಕಾರಣ ಬಹಳ ಸಲ ನೆಲದ ಹತ್ತಿರ ಇರುತ್ತದೆ. ಈ ಕಾರು ಅದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ ಛಾವಣಿಯ ಹುಟ್ಟನ್ನು ಸ್ವಲ್ಪ ಹೇಳಬೇಕು. ಮೂರನೇ ತಲೆಮಾರಿನ ಕಾರ್ವೆಟ್ 1968ರ ಮಾದರಿಯಾಗಿ ಬಂತು. ಕೂಪೆಗೆ ತಲೆಯ ಮೇಲೆ ಒಂದೇ ದೊಡ್ಡ ಪ್ಯಾನೆಲ್ ಇಟ್ಟು, ಅದನ್ನು ಪೂರ್ತಿ ತೆಗೆಯುವಂತೆ ಮಾಡಬೇಕು ಅನ್ನೋದು ಜನರಲ್ ಮೋಟರ್ಸ್‌ನವರ ಮೊದಲ ಆಸೆ. ಆದರೆ ಅಷ್ಟು ದೊಡ್ಡ ತೆರಪು ಬಿಟ್ಟರೆ ಬಾಡಿ ತಿರುಚಿಕೊಳ್ಳುತ್ತಿತ್ತು. ಅದಕ್ಕೆ ಮುಂದಿನ ಗಾಜಿನ ಚೌಕಟ್ಟಿನಿಂದ ಹಿಂದಿನ ಕಮಾನಿನವರೆಗೆ ನಡುವೆ ಒಂದು ಕಬ್ಬಿಣದ ಪಟ್ಟಿ ಸೇರಿಸಿದರು. ಎಡಕ್ಕೊಂದು, ಬಲಕ್ಕೊಂದು ಪ್ಯಾನೆಲ್ ಆಯಿತು. ಮೇಲಿಂದ ನೋಡಿದರೆ ಇಂಗ್ಲಿಷಿನ ಟಿ ಆಕಾರ, ಅದಕ್ಕೇ ಟಿ-ಟಾಪ್ ಅನ್ನೋ ಹೆಸರು. ಈ ಬಗೆಯ ಛಾವಣಿಗೆ ಗಾರ್ಡನ್ ಬ್ಯೂರಿಗ್ 1951ರಲ್ಲೇ ಪೇಟೆಂಟ್ ಪಡೆದಿದ್ದರು. ಜನಕ್ಕೆ ಇದು ಬೇಗ ಹಿಡಿಸಿತು. 1968ರಲ್ಲಿ 18,630 ಕನ್ವರ್ಟಿಬಲ್, ಅಂದರೆ ಮಡಚುವ ಬಟ್ಟೆ ಛಾವಣಿಯ ಕಾರು, ಬಂದರೆ ಕೂಪೆ 9,936 ಮಾತ್ರ. 1972ರ ಹೊತ್ತಿಗೆ ಕೂಪೆ 20,496, ಕನ್ವರ್ಟಿಬಲ್ 6,508. ಹಿಂದಿನ ಗಾಜನ್ನೂ ಬಿಚ್ಚಿ ತೆಗೆಯಬಹುದಾದ ಕೊನೆಯ ವರ್ಷವೂ 1972ನೇ. ಹಾಗಾಗಿ ಈ ಕಾರಿನಲ್ಲಿ ಸೀಲ್ ಆಗಬೇಕಾದ ಜಾಗಗಳು ಜಾಸ್ತಿ.

ನಡುವಿನ ಪಟ್ಟಿ ಯಾಕೆ ಬಂತು ಅನ್ನೋದನ್ನು ನೆನಪಿಡಿ. ಈ ಬಾಡಿ ತಿರುಚಿಕೊಳ್ಳುತ್ತದೆ ಅಂತ ಅದನ್ನು ಮಾಡಿದವರಿಗೇ ಗೊತ್ತಿತ್ತು. ಪಟ್ಟಿ ಆ ತಿರುಚನ್ನು ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಕೆಳಗೆ ಒಂದು ಕಡೆ ಆಸರೆ ಹೋದರೆ ಮೊದಲು ಗೊತ್ತಾಗುವುದು ರೂಫ್ ಪ್ಯಾನೆಲ್‌ನ ಸಂದಿನಲ್ಲೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕಾರ್ವೆಟ್ ಫೈಬರ್‌ಗ್ಲಾಸ್ ಕಾರು, ಅದಕ್ಕೆ ತುಕ್ಕು ಹಿಡಿಯಲ್ಲ ಅಂತಾರೆ. ಹೊರಗಿನ ಪ್ಯಾನೆಲ್‌ಗಳ ಮಟ್ಟಿಗೆ ನಿಜ. ಆದರೆ ಒಳಗೆ ಕಬ್ಬಿಣದ ಒಂದು ಪಂಜರ ಇದೆ. ಮುಂದಿನ ಗಾಜಿನ ಚೌಕಟ್ಟು, ಬಾಗಿಲ ಹಿಂಜ್ ಕೂರುವ ಕಂಬ, ಬಾಗಿಲು ಲಾಕ್ ಆಗುವ ಕಂಬ, ಬಾಗಿಲ ಕೆಳಗಿನ ಉದ್ದನೆಯ ಚಾನೆಲ್, ಛಾವಣಿಯ ಪಟ್ಟಿ, ಹಿಂದಿನ ಕಮಾನು, ಎಲ್ಲ ಸೇರಿ ಒಂದು ಪಂಜರ. ಅಮೆರಿಕದ ಕಾರ್ವೆಟ್ ಮಂದಿ ಇದನ್ನು ಬರ್ಡ್‌ಕೇಜ್ ಅಂತಲೇ ಕರೆಯುತ್ತಾರೆ. ಫೈಬರ್‌ಗ್ಲಾಸ್ ಇದಕ್ಕೆ ಅಂಟಿಕೊಂಡಿರುತ್ತದೆ. ಹೊರಗೆ ಮಿರಮಿರ ಹೊಳೆಯುವ ಕಾರಿನ ಒಳಗೆ ಪಂಜರ ಪುಡಿಯಾಗಿರಬಹುದು.

ಪರೀಕ್ಷೆ

ಕಾರನ್ನು ಸಮ ನೆಲದ ಮೇಲೆ, ನಾಲ್ಕೂ ಟೈರ್ ಮೇಲೆ ನಿಲ್ಲಿಸಿದೆವು. ಟೈರ್ ಗಾಳಿ ಸಮ ಮಾಡಿದೆವು. ಜಾಕಿ ಮೇಲೆ ಅಥವಾ ಲಿಫ್ಟ್ ಮೇಲೆ ಇರುವಾಗ ಈ ಕಾರಿನ ಸಂದು ಅಳೆಯುವುದರಲ್ಲಿ ಅರ್ಥವಿಲ್ಲ. ಚಾಸಿಸ್ ಬೇರೆ ಕಡೆ ಭಾರ ಹೊತ್ತಾಗ ಬಾಗಿಲಿನ ಸಂದೂ ಬದಲಾಗುತ್ತದೆ, ಛಾವಣಿಯ ತೆರಪೂ ಬದಲಾಗುತ್ತದೆ.

ಬರಿಗಣ್ಣಿಗೆ ಕಂಡಿದ್ದು ಇಷ್ಟು. ಎಡ ಪ್ಯಾನೆಲ್‌ನ ಮುಂದಿನ ಹೊರ ಮೂಲೆ, ಗಾಜಿನ ಚೌಕಟ್ಟಿಗಿಂತ ಸುಮಾರು 3 ಮಿ.ಮೀ. ಎತ್ತರ ನಿಂತಿತ್ತು. ಬಲಗಡೆ ಸಮ ಇತ್ತು. ಎಡ ಬಾಗಿಲನ್ನು ದೂಡಿ ಹಾಕಬೇಕಿತ್ತು. ಬಾಗಿಲಿನ ಹಿಂದಿನ ಅಂಚಿನ ಸಂದು ಕೆಳಗೆ ಅಗಲ, ಮೇಲೆ ಕಿರಿದು. ಬಾಗಿಲ ಗಾಜನ್ನು ಯಾರೋ ಪೂರ್ತಿ ಒಳಕ್ಕೆ ವಾಲಿಸಿ ಹೊಂದಿಸಿದ್ದರು. ಈ ಕಾರಿನ ಬಾಗಿಲಿಗೆ ಮೇಲೆ ಚೌಕಟ್ಟಿಲ್ಲ. ಗಾಜಿನ ಮೇಲಂಚು ನೇರವಾಗಿ ರೂಫ್ ಪ್ಯಾನೆಲ್‌ನ ರಬ್ಬರಿಗೆ ಒತ್ತಿಕೊಳ್ಳುತ್ತದೆ. ಸೋರಿಕೆ ನಿಲ್ಲಲಿ ಅಂತ ಗಾಜನ್ನು ಒತ್ತಿದ್ದರು. ಬಾಗಿಲು ಗಡುಸಾಗಿದ್ದಕ್ಕೆ ಅದೂ ಒಂದು ಕಾರಣ.

ಛಾವಣಿಯ ಎರಡೂ ತೆರಪುಗಳ ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಕರ್ಣ, ಎಲ್ಲ ಅಳೆದೆವು. ಹೊರ ಅಂಚಿನಲ್ಲಿ ಎಡ ತೆರಪು ಬಲಕ್ಕಿಂತ ಗಿಡ್ಡವಾಗಿತ್ತು. ಅಲ್ಲಿಗೆ ಅರ್ಧ ವಿಷಯ ತಿಳಿಯಿತು. ಪ್ಯಾನೆಲ್ ಉದ್ದ ಬೆಳೆದಿಲ್ಲ, ತೆರಪು ಕುಗ್ಗಿದೆ. ಕೂರಲು ಜಾಗ ಸಾಲದೆ ಪ್ಯಾನೆಲ್ ಮುಂದಿನ ಮೂಲೆಯಲ್ಲಿ ಎದ್ದು ನಿಂತಿದೆ.

ಆಮೇಲೆ ಕಾಗದದ ಪರೀಕ್ಷೆ. ಬೀಡಿಂಗ್ ಮತ್ತು ಪ್ಯಾನೆಲ್ ನಡುವೆ ಕಾಗದದ ಪಟ್ಟಿಗಳನ್ನಿಟ್ಟು ಚಿಲಕ ಹಾಕಿ ಒಂದೊಂದಾಗಿ ಎಳೆಯುವುದು. ಎಡ ಮುಂಭಾಗದಲ್ಲಿ ಪಟ್ಟಿ ಸಲೀಸಾಗಿ ಬಂತು. ಹಿಂಭಾಗದಲ್ಲಿ ಹರಿದೇ ಹೋಯಿತು. ನೀರಿನ ಪರೀಕ್ಷೆ ಕೊನೆಗೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತರು, ಇನ್ನೊಬ್ಬರು ಪೈಪಿನಲ್ಲಿ ಸಣ್ಣಗೆ ನೀರು ಬಿಟ್ಟರು. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೊದಲೇ ಮೇಲಿಂದ ಸುರಿದರೆ ನೀರು ಎಲ್ಲೆಲ್ಲಿಂದಲೋ ಹರಿದು ಬಂದು ಯಾವ ಜಾಗ ಅಂತಲೇ ಗೊತ್ತಾಗುವುದಿಲ್ಲ. ಹೀಗೆ ಹೋದಾಗ ಗಾಜಿನ ಚೌಕಟ್ಟಿನ ಕೆಳ ಮೂಲೆಯಲ್ಲೇ ಒಂದು ಸೋರಿಕೆ ಸಿಕ್ಕಿತು. ಅದು ಛಾವಣಿಗೆ ಸಂಬಂಧವೇ ಇಲ್ಲದ್ದು. ಎರಡನೆಯದು ಎದ್ದು ನಿಂತ ಮೂಲೆಯಲ್ಲಿ.

ಕಾಲಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರೆ ಹಿಂಜ್ ಕಂಬದ ಬುಡದಲ್ಲಿ ತುಕ್ಕಿನ ಚಕ್ಕೆಗಳು ರಾಶಿ ಬಿದ್ದಿದ್ದವು. ಲಾಕ್ ಕಂಬದ ಕೆಳಗೆ, ಹಿಂದಿನ ಚಕ್ರಕ್ಕಿಂತ ಮುಂದೆ, ಬಾಡಿ ಚಾಸಿಸ್ ಮೇಲೆ ಕೂರುವ ಒಂದು ಮೌಂಟ್ ಇದೆ. ಎಡಗಡೆ ಅದರ ಶಿಮ್‌ಗಳು, ಅಂದರೆ ಎತ್ತರ ಹೊಂದಿಸುವ ತೆಳು ಲೋಹದ ಬಿಲ್ಲೆಗಳು, ತುಕ್ಕಾಗಿ ಪುಡಿಯಾಗಿದ್ದವು. ಮೇಲಿನ ಪಂಜರದ ತಗಡೂ ಕೊಳೆತು ಒಳಕ್ಕೆ ಕುಸಿದಿತ್ತು.

ಅನುಮಾನ ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿದೆವು. ಇಡೀ ಕೆಲಸದ ದಿಕ್ಕು ತೀರ್ಮಾನ ಆಗಿದ್ದು ಇಲ್ಲೇ. ಆ ಮೌಂಟಿನ ಬೋಲ್ಟ್ ಸಡಿಲ ಮಾಡಿ, ಪಂಜರದ ಗಟ್ಟಿ ಜಾಗಕ್ಕೆ ಮರದ ತುಂಡು ಕೊಟ್ಟು, ಜಾಕಿಯಲ್ಲಿ ಬಾಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತುತ್ತ ಹೋದೆವು. ಒಬ್ಬರ ಕೈ ಜಾಕಿಯ ಮೇಲೆ, ಇನ್ನೊಬ್ಬರ ಕಣ್ಣು ಛಾವಣಿಯ ಮೇಲೆ. ಬಾಡಿ 5 ಮಿ.ಮೀ. ಮೇಲೇಳುವ ಹೊತ್ತಿಗೆ ಬಾಗಿಲಿನ ಸಂದು ಸಮವಾಯಿತು. ಪ್ಯಾನೆಲ್‌ನ ಮೂಲೆ ತಾನಾಗಿಯೇ ಕೆಳಗೆ ಕೂತಿತು. ಮಾಲೀಕರು ಅಲ್ಲೇ ಇದ್ದರು. ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಇಷ್ಟು ದಿನ ಬೀಡಿಂಗ್ ಬದಲಾಗುತ್ತಿತ್ತು. ನಡೆದದ್ದು ಹೀಗೆ. ಗಾಜಿನ ಚೌಕಟ್ಟಿನಿಂದ ಇಳಿದ ನೀರು ವರ್ಷಗಟ್ಟಲೆ ಕಂಬದ ಬುಡ ಸೇರಿತು. ಅಲ್ಲಿಂದ ಬಾಗಿಲ ಕೆಳಗಿನ ಚಾನೆಲ್‌ನಲ್ಲಿ ಹಿಂದಕ್ಕೆ ಹರಿದು ಮೌಂಟ್ ತಿಂದಿತು. ಮೌಂಟ್ ಕುಸಿದಾಗ ಬಾಡಿ ನಡುವೆ ಜಗ್ಗಿತು, ಮೇಲಿನ ತೆರಪು ಕುಗ್ಗಿತು, ಪ್ಯಾನೆಲ್ ಎದ್ದಿತು. ಆಗ ಇನ್ನಷ್ಟು ನೀರು ಒಳಗೆ ಬಂತು. ಈ ಸುತ್ತನ್ನು ಕೆಳಗಿನಿಂದಲೇ ಕತ್ತರಿಸಬೇಕಿತ್ತು.

ಬಾಡಿ ಎತ್ತಬೇಕಾ, ಬೇಡವಾ

ಇಂಥ ಕಾರು ಬಂದಾಗ ಬಾಡಿಯನ್ನು ಚಾಸಿಸ್‌ನಿಂದ ಪೂರ್ತಿ ಎತ್ತಿ ಕೆಲಸ ಮಾಡಬೇಕು ಅನ್ನೋರು ಬಹಳ ಜನ. ಚಾಸಿಸ್ ಕೊಳೆತಿದ್ದರೆ ಅದೇ ಸರಿ. ಹಿಂದಿನ ಚಕ್ರದ ಮುಂದೆ ಚಾಸಿಸ್ ಮೇಲಕ್ಕೆ ಬಾಗುವ ಜಾಗ ಈ ಕಾರುಗಳಲ್ಲಿ ಕೊಳೆಯುವುದಕ್ಕೆ ಹೆಸರುವಾಸಿ. ಇಲ್ಲಿ ಅದನ್ನು ಸುತ್ತಿಗೆಯಲ್ಲಿ ಬಡಿದು, ಚೂಪು ಉಳಿಯಲ್ಲಿ ಚುಚ್ಚಿ ನೋಡಿದೆವು. ಗಟ್ಟಿಯಾಗಿತ್ತು. ಹಾಗಾಗಿ ಬಾಡಿ ಎತ್ತುವುದು ಬೇಡ ಎಂದು ತೀರ್ಮಾನಿಸಿದೆ. ಪಂಜರ ದುರ್ಬಲವಾಗಿರುವ ಬಾಡಿಯನ್ನು ಎತ್ತಿದರೆ ಅದು ಇನ್ನೊಂದು ಆಕಾರಕ್ಕೆ ಹೋಗಬಹುದು. ನಮ್ಮ ಹತ್ತಿರ ಇದ್ದ ಒಂದೇ ನಂಬಿಕಸ್ತ ಅಳತೆ, ಟೈರ್ ಮೇಲೆ ನಿಂತ ಕಾರಿನಲ್ಲಿ ಪ್ಯಾನೆಲ್ ಸರಿಯಾಗಿ ಕೂತ ಆ ಸ್ಥಿತಿ. ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಆ ಸ್ಥಿತಿಯಲ್ಲೇ ಬಾಗಿಲ ತೆರಪಿಗೆ ಅಡ್ಡಲಾಗಿ ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ ಕಬ್ಬಿಣದ ಕೊಳವೆಗಳನ್ನು ಬೋಲ್ಟ್ ಮಾಡಿದೆವು. ಛಾವಣಿಯ ತೆರಪಿಗೂ ಒಂದು ಅಡ್ಡ ಆಸರೆ ಕೊಟ್ಟೆವು. ಆಮೇಲೇ ಕೊಳೆತ ತಗಡು ಕತ್ತರಿಸಿದ್ದು.

ವೆಲ್ಡಿಂಗ್ ಬಗ್ಗೆ ಒಂದು ಎಚ್ಚರಿಕೆ. ಪಂಜರಕ್ಕೆ ಅಂಟಿಕೊಂಡ ಫೈಬರ್‌ಗ್ಲಾಸ್‌ನ ರೆಸಿನ್, ಅಂದರೆ ಗಾಜಿನ ಎಳೆಗಳನ್ನು ಹಿಡಿದಿಡುವ ಗಟ್ಟಿ ರಾಳ, ಬೆಂಕಿ ಹಿಡಿಯುತ್ತದೆ. ಬ್ಯಾಟರಿ ಬಿಚ್ಚಿ, ಒಳಗಿನ ಕಾರ್ಪೆಟ್ ಮತ್ತು ಹೊದಿಕೆ ಎಲ್ಲ ತೆಗೆದು, ಹತ್ತಿರದ ಫೈಬರ್‌ಗ್ಲಾಸ್‌ಗೆ ಒದ್ದೆ ಬಟ್ಟೆ ಹೊದಿಸಿ, ಚಿಕ್ಕ ಚಿಕ್ಕ ಚುಕ್ಕೆಗಳಾಗಿ ವೆಲ್ಡ್ ಮಾಡಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಷ್ಟು ಹತ್ತಿರ ಇರಬೇಕು. ಗಾಜಿನ ಚೌಕಟ್ಟಿನ ಎಡ ಕಂಬದ ಮೇಲೆ ಕಾರಿನ ಗುರುತಿನ ಸಂಖ್ಯೆಯ ಪಟ್ಟಿ ರಿವೆಟ್ ಆಗಿರುತ್ತದೆ. ಅದನ್ನು ಕೀಳುವಂತಿಲ್ಲ, ಅದರ ಸುತ್ತಲೇ ಕೆಲಸ ಆಗಬೇಕು. ಹಿಂಜ್ ಕಂಬದ ಮೇಲಿನ ಬಣ್ಣದ ಕೋಡ್ ಪಟ್ಟಿಯನ್ನೂ ಹಾಗೇ ಕಾಪಾಡಿದೆವು. ಅದರಲ್ಲಿ 946 ಇತ್ತು. ಎಲ್ಕಾರ್ಟ್ ಗ್ರೀನ್‌ನದೇ ಸಂಖ್ಯೆ. ಕಾರಿನ ಬಣ್ಣ ಮೂಲದ್ದೇ ಅಂತ ಗೊತ್ತಾಗಿದ್ದಕ್ಕೆ ಮಾಲೀಕರಿಗೆ ತುಂಬ ಖುಷಿಯಾಯಿತು.

ಮೌಂಟ್ ಜಾಗಕ್ಕೆ ಹೊಸ ತಗಡು, ಗಾಜಿನ ಚೌಕಟ್ಟಿನ ಕೆಳ ಮೂಲೆಗೆ ಹೊಸ ತುಂಡು, ಎಲ್ಲಕ್ಕೂ ಎಪಾಕ್ಸಿ ಪ್ರೈಮರ್, ಟೊಳ್ಳು ಜಾಗಗಳಿಗೆ ಮೇಣದ ದ್ರವ. ಆಸರೆಗಳನ್ನು ಬಿಚ್ಚಿ, ಹೊಸ ಶಿಮ್ ಹಾಕಿ ಬೋಲ್ಟ್ ಬಿಗಿ ಮಾಡಿ ಮತ್ತೆ ಅಳೆದೆವು. ಎರಡೂ ತೆರಪುಗಳು ಸಮ ಬಂದಿದ್ದವು.

ಎಡ ಪ್ಯಾನೆಲ್

ಇಷ್ಟಾದರೂ ಎಡ ಪ್ಯಾನೆಲ್ ಸರಿಯಾಗಿ ಕೂರಲಿಲ್ಲ. ಹಿಂದೆ ಕೆಲಸ ಮಾಡಿದವರು ಅದನ್ನು ಕುಗ್ಗಿದ ತೆರಪಿಗೆ ಹೊಂದಿಸಲು ಹೋಗಿದ್ದರು. ಮುಂದಿನ ಅಂಚನ್ನು ಉಜ್ಜಿ ಗಿಡ್ಡ ಮಾಡಿದ್ದರು. ಮೇಲಿನ ಏರುಪೇರು ಮುಚ್ಚಲು ಪುಟ್ಟಿ ಮೆತ್ತಿದ್ದರು. ಕೆಳಗೆ ರಬ್ಬರ್ ಚಾನೆಲ್ ತುಂಬ ಸಿಲಿಕೋನ್ ಸೀಲೆಂಟ್ ಹಿಂಡಿದ್ದರು.

ಸಿಲಿಕೋನ್ ಬಾಡಿ ಕೆಲಸದ ದೊಡ್ಡ ಶತ್ರು. ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ, ಮೀನಿನ ಕಣ್ಣಿನಂಥ ಗುಳಿ ಬೀಳುತ್ತವೆ. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಉಜ್ಜಿದರೆ ಅದು ಹೋಗುವುದಿಲ್ಲ, ಸುತ್ತ ಹರಡುತ್ತದೆ. ಹಾಗಾಗಿ ಸ್ಯಾಂಡ್‌ಪೇಪರ್ ಮುಟ್ಟುವ ಮೊದಲು ಪ್ಲಾಸ್ಟಿಕ್ ಉಳಿಯಲ್ಲಿ ಹೆರೆದು, ದ್ರಾವಕದಲ್ಲಿ ಒಂದು ಬಟ್ಟೆಯಿಂದ ಒರೆಸಿ, ಒಣಗುವ ಮುಂಚೆ ಇನ್ನೊಂದು ಶುಭ್ರ ಬಟ್ಟೆಯಿಂದ ತೆಗೆಯಬೇಕು. ಬಟ್ಟೆ ಮತ್ತೆ ಬಳಸಬಾರದು. ಆಮೇಲೆ ನೀರು ಚಿಮುಕಿಸಿ ನೋಡಿ. ನೀರು ಹನಿಯಾಗಿ ಉರುಳಿದರೆ ಸಿಲಿಕೋನ್ ಇನ್ನೂ ಇದೆ. ಒಂದೇ ಪದರವಾಗಿ ಹರಡಿ ನಿಂತರೆ ಶುಭ್ರವಾಗಿದೆ.

ಪೇಂಟ್ ತೆಗೆಯಲು ಮರಳು ಹೊಡೆಯುವುದು ಇಲ್ಲಿ ಬೇಡವೇ ಬೇಡ, ಫೈಬರ್ ಕಿತ್ತು ಬರುತ್ತದೆ. ಲೋಹಕ್ಕೆ ಬಳಸುವ ಕಟು ರಾಸಾಯನಿಕಗಳು ರೆಸಿನ್ನನ್ನೇ ಮೆತ್ತಗೆ ಮಾಡುತ್ತವೆ. ನಾವು ಬ್ಲೇಡ್ ಮತ್ತು ಉಜ್ಜುವಿಕೆಯಲ್ಲೇ ಇಳಿಸಿದೆವು. ನಿಧಾನದ ಕೆಲಸ, ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಕೈಗೆ ಗೊತ್ತಾಗುತ್ತದೆ. ಫೈಬರ್‌ಗ್ಲಾಸ್ ಧೂಳು ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಅಪಾಯ. ಒಳ್ಳೆಯ ಫಿಲ್ಟರ್ ಮಾಸ್ಕ್ ಇಲ್ಲದೆ ಶುರು ಮಾಡಬೇಡಿ.

ಪೇಂಟ್ ಹೋದ ಮೇಲೆ ಪ್ಯಾನೆಲ್‌ನ ಅಂಚಿನುದ್ದಕ್ಕೂ ನಾಣ್ಯದಿಂದ ತಟ್ಟುತ್ತ ಹೋದೆ. ಪ್ಯಾನೆಲ್ ಅಂದರೆ ಹೊರ ಚಿಪ್ಪು ಮತ್ತು ಒಳ ಚಿಪ್ಪು ಅಂಚಿನಲ್ಲಿ ಅಂಟಿಕೊಂಡ ಜೋಡಿ. ಅಂಟು ಗಟ್ಟಿ ಇರುವಲ್ಲಿ ಚುರುಕು ಶಬ್ದ, ಬಿಟ್ಟುಕೊಂಡಲ್ಲಿ ಮಂಕು ಶಬ್ದ. ಮುಂದಿನ ಅಂಚು ಹೆಚ್ಚುಕಮ್ಮಿ ಪೂರ್ತಿ ಬಿಟ್ಟಿತ್ತು. ವರ್ಷಗಟ್ಟಲೆ ಎದ್ದು ನಿಂತ ಪ್ಯಾನೆಲ್ಲನ್ನು ಚಿಲಕದಿಂದ ಎಳೆದು ಎಳೆದು ಬಿಗಿ ಮಾಡಿದ್ದರ ಫಲ ಅದು.

ಇದನ್ನು ಮೇಜಿನ ಮೇಲಿಟ್ಟು ಅಂಟಿಸಬಾರದು. ಮೇಜಿನ ಮೇಲೆ ಅದು ಮೇಜಿನ ಆಕಾರಕ್ಕೆ ಗಟ್ಟಿಯಾಗುತ್ತದೆ. ನಮಗೆ ಬೇಕಾಗಿದ್ದು ಕಾರಿನ ಆಕಾರ. ಹಳೆ ಅಂಟನ್ನು ಕೆರೆದು ತೆಗೆದು, ಚಿಪ್ಪುಗಳ ನಡುವೆ ಎಪಾಕ್ಸಿ ಪ್ಯಾನೆಲ್ ಅಂಟು ತುಂಬಿ, ಕಾರಿನ ತೆರಪಿನ ಅಂಚಿಗೆ ಅಂಟದ ಟೇಪ್ ಮತ್ತು ಮೇಣ ಹಚ್ಚಿ, ಪ್ಯಾನೆಲ್ಲನ್ನು ಕಾರಿನ ಮೇಲೆಯೇ ಕೂರಿಸಿ ಚಿಲಕ ಹಾಕಿದೆವು. ಬೀಡಿಂಗ್ ಬರುವ ಜಾಗಕ್ಕೆ, ಅದು ಒತ್ತಿದ ಮೇಲೆ ಎಷ್ಟು ದಪ್ಪ ಉಳಿಯುತ್ತದೋ ಅಷ್ಟೇ ದಪ್ಪದ ಪಟ್ಟಿಗಳನ್ನಿಟ್ಟಿದ್ದೆವು. ಅಂಟು ಪೂರ್ತಿ ಗಟ್ಟಿಯಾಗುವ ತನಕ ಕಾರನ್ನು ಅಲುಗಾಡಿಸಲಿಲ್ಲ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಹಂತ ಇದು. ಚಿಲಕ ತೆಗೆದು ಪ್ಯಾನೆಲ್ ಎತ್ತಿ ಮತ್ತೆ ಇಟ್ಟಾಗ ಬೆರಳ ಒತ್ತಡಕ್ಕೇ ಕೂತಿತು.

ಉಜ್ಜಿ ಗಿಡ್ಡ ಮಾಡಿದ್ದ ಅಂಚನ್ನು ಪುಟ್ಟಿಯಲ್ಲಿ ಕಟ್ಟಲಿಲ್ಲ. ಪುಟ್ಟಿಯ ಅಂಚು ಒಂದು ಸಲ ತಾಗಿದರೆ ಚಕ್ಕೆ ಏಳುತ್ತದೆ. ಈ ಪ್ಯಾನೆಲ್ಲನ್ನೋ ಪ್ರತಿ ಸಲ ಕೈಯಲ್ಲಿ ಎತ್ತಿ ಸೀಟಿನ ಹಿಂದೆ ಇಡುತ್ತಾರೆ. ಹಳೆ ಫೈಬರ್‌ಗ್ಲಾಸನ್ನು ಉದ್ದನೆಯ ಇಳಿಜಾರಾಗಿ ಉಜ್ಜಿದೆವು. ದಪ್ಪದ ಹನ್ನೆರಡು ಪಟ್ಟಿನಷ್ಟಾದರೂ ಉದ್ದ ಇರಬೇಕು. ಅದರ ಮೇಲೆ ಮ್ಯಾಟ್, ಅಂದರೆ ನೇಯದ ಗಾಜಿನ ಎಳೆಗಳ ಹಾಸಿನ, ಪದರಗಳನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಹಾಕಿದೆವು. ಇಲ್ಲಿ ಒಂದು ಮಾತು. ಸಾಮಾನ್ಯ ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಎಪಾಕ್ಸಿ ಬಳಸುವುದಾದರೆ ನೇಯ್ದ ಬಟ್ಟೆ ತಗೊಳ್ಳಿ. 1973ರಿಂದ ಈಚಿನ ಕಾರ್ವೆಟ್‌ಗಳಲ್ಲಿ ಒತ್ತಿ ಅಚ್ಚು ಮಾಡಿದ ಬೇರೆ ಬಗೆಯ ಪ್ಯಾನೆಲ್‌ಗಳು ಬರುತ್ತವೆ. ಅವಕ್ಕೆ ಸಾದಾ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿ ಎಪಾಕ್ಸಿಯೇ ಬೇಕು.

ಬಲ ಪ್ಯಾನೆಲ್‌ಗೆ ಪೇಂಟ್ ಬಿಟ್ಟರೆ ಏನೂ ಬೇಕಾಗಲಿಲ್ಲ.

ಬಾಡಿಯ ಉಳಿದ ಫೈಬರ್‌ಗ್ಲಾಸ್ ಕೆಲಸ ಚಿಕ್ಕದು. ಎಡ ಹಿಂದಿನ ಫೆಂಡರ್‌ನ ಜೋಡಣೆಯ ಗೆರೆಯಲ್ಲಿ ಬಿರುಕು ಬಿಟ್ಟಿತ್ತು, ಬಾಡಿ ಜಗ್ಗಿದ್ದರ ಗುರುತು. ಬುಡದವರೆಗೆ ಉಜ್ಜಿ ತೆಗೆದು ಹಿಂದಿನಿಂದಲೂ ಮುಂದಿನಿಂದಲೂ ಪದರ ಹಾಕಿದೆವು. ಬಿರುಕಿನ ಮೇಲೆ ಸುಮ್ನೆ ಪುಟ್ಟಿ ಎಳೆದರೆ ಅದು ಮತ್ತೆ ಬಂದೇ ಬರುತ್ತದೆ. ಹೊಸ ರೆಸಿನ್ ಗಟ್ಟಿಯಾದ ಮೇಲೂ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಕೆಲವು ವಾರ ಬಿಸಿಲಿಗೆ ಬಿಟ್ಟು ಆಮೇಲೆ ಕೊನೆಯ ಉಜ್ಜುವಿಕೆ ಮಾಡಿದೆವು. ಅವಸರ ಮಾಡಿದ್ದರೆ ಪೇಂಟ್ ಆದ ಮೇಲೆ ಆ ಗೆರೆ ನೆರಳಿನಂತೆ ಎದ್ದು ಕಾಣುತ್ತಿತ್ತು.

ಜೋಡಣೆ ಮೊದಲು, ಪೇಂಟ್ ಆಮೇಲೆ

ಪೇಂಟ್‌ಗೆ ಮುಂಚೆ ಹೊಸ ಬೀಡಿಂಗ್ ಹಾಕಿ ಇಡೀ ಮೇಲ್ಭಾಗವನ್ನು ಒಮ್ಮೆ ಪೂರ್ತಿ ಜೋಡಿಸಿದೆವು. ಅಂಟು ಹಾಕದೆ, ಟೇಪ್ ಮೇಲೆ ಮಾತ್ರ. ಮೊದಲು ಬಾಡಿ, ಆಮೇಲೆ ರೂಫ್ ಪ್ಯಾನೆಲ್, ಆಮೇಲೆ ಬಾಗಿಲು, ಕೊನೆಗೆ ಬಾಗಿಲ ಗಾಜು. ಈ ಕ್ರಮ ತಿರುವುಮುರುವಾಗಬಾರದು, ಯಾಕೆಂದರೆ ಪ್ರತಿಯೊಂದೂ ಅದರ ಹಿಂದಿನದಕ್ಕೆ ಹೊಂದಿಕೊಳ್ಳಬೇಕು. ಬೀಡಿಂಗ್ ಮೇಲೆ ಬಣ್ಣದ ಸೀಮೆಸುಣ್ಣ ಸವರಿ ಪ್ಯಾನೆಲ್ ಮುಚ್ಚಿ ತೆಗೆದರೆ ಎಲ್ಲಿ ಒತ್ತಿದೆ, ಎಲ್ಲಿ ಒತ್ತಿಲ್ಲ ಎಂದು ಗುರುತು ಮೂಡುತ್ತದೆ. ಗುರುತು ಸುತ್ತಲೂ ಒಂದೇ ಅಗಲ ಬರುವವರೆಗೆ ಹೊಂದಿಸಿದೆವು. ಒಳಕ್ಕೆ ವಾಲಿಸಿದ್ದ ಗಾಜನ್ನು ಹೊರಕ್ಕೆ ತಂದಾಗ ಬಾಗಿಲು ಒಂದು ಕೈಯಲ್ಲಿ ಮುಚ್ಚಿಕೊಂಡಿತು.

ಪೇಂಟ್ ವಿಷಯದಲ್ಲಿ ಮಾಲೀಕರಿಗೂ ನನಗೂ ಮಾತುಕತೆ ನಡೆಯಿತು. ಸೇಂಟ್ ಲೂಯಿಸ್ ಕಾರ್ಖಾನೆಯಿಂದ ಈ ಕಾರುಗಳು ಅಕ್ರಿಲಿಕ್ ಲಾಕರ್ ಎಂಬ ಹಳೆ ಬಗೆಯ ಪೇಂಟ್‌ನಲ್ಲಿ ಬರುತ್ತಿದ್ದವು. 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿಯ ತೀರ್ಪಿಗೆ ಒಡ್ಡುವ ಕಾರಾದರೆ ಆ ಲಾಕರ್ ನೋಟವೇ ಬೇಕು. ಈ ಕಾರು ಮಳೆಯಲ್ಲೂ ಓಡುವ ಕಾರು. ಲಾಕರ್ ವಯಸ್ಸಾದಂತೆ ಬಿರುಕು ಬಿಡುತ್ತದೆ, ತಿರುಚಿಕೊಳ್ಳುವ ಬಾಡಿಯ ಮೇಲೆ ಇನ್ನೂ ಬೇಗ. ನನ್ನ ಸಲಹೆ ಬೇಸ್ ಮತ್ತು ಕ್ಲಿಯರ್ ಪದರದ ಹೊಸ ಪೇಂಟ್, ಹೊಳಪು ಸ್ವಲ್ಪ ತಗ್ಗಿಸಿ. ಅವರು ಒಪ್ಪಿದರು.

ಈ ಪೇಂಟ್‌ನ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದಕ್ಕೆ ಧೂಳಿನ ಮಾಸ್ಕ್ ಏನೇನೂ ಸಾಲದು, ಹೊರಗಿನಿಂದ ಗಾಳಿ ಕೊಡುವ ಮುಖವಾಡವೇ ಬೇಕು. ಮನೆಯಲ್ಲಿ ಮಾಡಲು ಹೊರಟವರು ಈ ಹಂತವನ್ನು ಪೇಂಟ್ ಹೊಡೆಯುವ ಬೂತ್ ಇರುವವರಿಗೆ ಬಿಟ್ಟುಬಿಡುವುದು ಒಳ್ಳೆಯದು.

ರೂಫ್ ಪ್ಯಾನೆಲ್‌ಗಳನ್ನು ಬಾಡಿಯಿಂದ ಬಿಚ್ಚಿ, ಆದರೆ ಬಾಡಿಯ ಪಕ್ಕದಲ್ಲೇ, ಅದೇ ದಿಕ್ಕಿಗೆ ಮಲಗಿಸಿ, ಅದೇ ಹೊತ್ತಿಗೆ ಪೇಂಟ್ ಮಾಡಿದ್ದು. ಎಲ್ಕಾರ್ಟ್ ಗ್ರೀನ್ ಮೆಟಾಲಿಕ್ ಬಣ್ಣ. ಪ್ಯಾನೆಲ್ಲನ್ನು ನೇತುಹಾಕಿ ಹೊಡೆದರೆ ಲೋಹದ ಕಣಗಳು ಬೇರೆ ರೀತಿ ಕೂತು, ಕಾರಿನ ಮೇಲಿಟ್ಟಾಗ ಬೇರೆ ಹಸಿರಾಗಿ ಕಾಣುತ್ತದೆ. ಅಂಚುಗಳಲ್ಲಿ ಪೇಂಟ್ ತೆಳುವಾಗಿರಲಿ ಅಂತ ವಿಶೇಷ ಗಮನ ಕೊಟ್ಟೆವು. ಸಂದಿನ ಎರಡೂ ಕಡೆ ಪದರ ಬರುವುದರಿಂದ ಕಿರಿದಾಗುವುದು ಎರಡು ಪಟ್ಟು. ಬೀಡಿಂಗ್ ಚಾನೆಲ್‌ಗೆ ಎಪಾಕ್ಸಿ ಪ್ರೈಮರ್ ಮತ್ತು ತೆಳು ಬಣ್ಣ ಬಿಟ್ಟರೆ ಬೇರೇನೂ ಹಾಕಲಿಲ್ಲ.

ಕೊನೆಗೆ ಬೀಡಿಂಗ್ ಅಂಟಿಸಿ, ಪ್ಯಾನೆಲ್ ಚಿಲಕ ಹಾಕಿ, ರಬ್ಬರ್ ರೂಪ ಪಡೆಯಲಿ ಅಂತ ಕೆಲವು ದಿನ ಬಿಸಿಲಲ್ಲಿ ನಿಲ್ಲಿಸಿದೆವು. ಹೊಸ ರಬ್ಬರ್ ಗಡುಸಾಗಿರುತ್ತದೆ, ಮೊದಲ ದಿನವೇ ಪರೀಕ್ಷೆ ಮಾಡಿ ಬೇಜಾರಾಗಬಾರದು. ನೀರಿನ ಪರೀಕ್ಷೆಯಲ್ಲಿ ಒಳಗೆ ಒಂದು ಹನಿಯೂ ಬರಲಿಲ್ಲ. ವೇಗವಾಗಿ ಹೋಗುವಾಗ ಎಡ ಗಾಜಿನ ಹಿಂದಿನ ತುದಿಯಲ್ಲಿ ಸ್ವಲ್ಪ ಗಾಳಿಯ ಶಬ್ದ ಉಳಿದಿದೆ. ಗಾಜನ್ನು ಇನ್ನಷ್ಟು ಒತ್ತಿದರೆ ಅದು ಹೋಗುತ್ತದೆ, ಆದರೆ ಬಾಗಿಲು ಮತ್ತೆ ಗಡುಸಾಗುತ್ತದೆ. ಬೇಡ ಎಂದು ಇಬ್ಬರೂ ಒಪ್ಪಿ ಹಾಗೇ ಬಿಟ್ಟಿದ್ದೇವೆ. ಪ್ರತಿ ಮೌಂಟಿನಲ್ಲಿ ಎಷ್ಟು ಶಿಮ್ ಇದೆ, ತೆರಪಿನ ಕರ್ಣಗಳ ಅಳತೆ ಎಷ್ಟು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರಿಗೆ ಕೊಟ್ಟಿದ್ದೇನೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಕರ್ಣ ಅಳೆದು ಆ ಹಾಳೆಯ ಜೊತೆ ಹೋಲಿಸಿ ನೋಡಿ, ವ್ಯತ್ಯಾಸ ಕಂಡರೆ ಬೀಡಿಂಗ್ ಮುಟ್ಟದೆ ಕಾರು ತನ್ನಿ ಎಂದು ಹೇಳಿದ್ದೇನೆ.